ಮೊಬೈಲ್ ಬೇಡ ಸರಿ, ಮಗು ಯಾರ ಪಾಲಿಗೆ?

ಮಕ್ಕಳ ಕೈಗೆ ಮೊಬೈಲ್ ಕೊಡಬೇಡಿ ಎಂದು ಬುದ್ಧಿ ಹೇಳುವವರಲ್ಲಿ ಹೆಚ್ಚಿನವರು ಸಂಜೆ ಐದರಿಂದ ಎಂಟರವರೆಗೆ ಮನೆಯಲ್ಲಿ ಇರುವವರಲ್ಲ. ಇರುವವಳು ನಾನು. ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಒಂದನೇ, ಎರಡನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ಈಗ ಬೆಂಗಳೂರಿನಲ್ಲಿ ಮಗನ ಫ್ಲ್ಯಾಟಿನಲ್ಲಿದ್ದು, ಮೂರು ದಾಟಿದ ಮೊಮ್ಮಗಳನ್ನು ನೋಡಿಕೊಳ್ಳುತ್ತಿದ್ದೇನೆ. ಸ್ಕ್ರೀನ್ ಟೈಮ್ ಎಷ್ಟಿರಬೇಕು ಎಂದು ನನ್ನಂಥ ಅಜ್ಜಿಯರನ್ನು ಯಾರೂ ಕೇಳುವುದಿಲ್ಲ. ವಾಟ್ಸ್‌ಆ್ಯಪಿನಲ್ಲಿ ಸೂಚನೆ ಬರುತ್ತದೆ, ‘ಅತ್ತೆ, ಇದನ್ನೊಮ್ಮೆ ಓದಿ’ ಅಂತ.

ಓದುತ್ತೇನೆ. ಒಂದು ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಇನ್ನೂ ಕಡಿಮೆಯಾದರೆ ಮೇಲು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಮ್ಮ ದೇಶದ ಮಕ್ಕಳ ವೈದ್ಯರ ಸಂಘವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ದೂರದ ನೆಂಟರ ಜೊತೆ ಅಪರೂಪಕ್ಕೊಂದು ವಿಡಿಯೊ ಕಾಲ್‌ಗೆ ಮಾತ್ರ ಎಳೆಯ ಕೂಸುಗಳಿಗೂ ವಿನಾಯಿತಿ ಕೊಟ್ಟಿದೆ. ಎಲ್ಲ ಒಪ್ಪುವ ಮಾತೇ. ಆದರೆ ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಮಗು ಬಂದು ಕಾಲಿಗೆ ಸುತ್ತಿಕೊಂಡರೆ, ಬಗ್ಗಿ ಎತ್ತಿಕೊಳ್ಳಲು ಮಂಡಿ ಒಪ್ಪದಿದ್ದರೆ ಏನು ಮಾಡಬೇಕೆಂದು ಅದರಲ್ಲಿ ಬರೆದಿಲ್ಲ. ಮೊಬೈಲ್ ಮಗುವಿನ ಕೈಗೆ ಹೋಗುವುದು ಆ ಹೊತ್ತಿನಲ್ಲಿ. ಸಂಬಳ ಕೇಳದ ಆಯಾ ಅದು. ಅದನ್ನು ಕೆಲಸದಿಂದ ಬಿಡಿಸಬೇಕೆಂದರೆ ಆ ಒಂದು ಗಂಟೆಯ ಕೆಲಸಕ್ಕೆ ಬೇರೆ ಯಾರು ನಿಲ್ಲುತ್ತಾರೆ ಎಂಬುದು ಮೊದಲು ತೀರ್ಮಾನವಾಗಬೇಕು.

ನಾನು ಯಾರ ಮಾತಿಗೂ ಕಾಯದೆ ನಿಲ್ಲಿಸಿದ್ದು ಊಟದ ಹೊತ್ತಿನ ಮೊಬೈಲನ್ನು. ಪರದೆ ನೋಡುತ್ತಾ ಉಣ್ಣುವ ಮಗುವಿನ ಮುಖವನ್ನು ಒಮ್ಮೆ ಗಮನಿಸಿ. ತುತ್ತು ತುಟಿಗೆ ತಾಗಿದರೆ ಬಾಯಿ ತಾನಾಗಿ ತೆರೆಯುತ್ತದೆ. ಅನ್ನವೋ ಉಪ್ಪಿಟ್ಟೋ ಗೊತ್ತಿಲ್ಲ, ಹೊಟ್ಟೆ ತುಂಬಿದ್ದೂ ಗೊತ್ತಿಲ್ಲ. ಹಿಂದೆ ನಾವೂ ಚಂದಮಾಮನನ್ನು ತೋರಿಸಿ ಮರೆಸಿಯೇ ಉಣ್ಣಿಸುತ್ತಿದ್ದೆವಲ್ಲ ಎನ್ನಬಹುದು. ನಿಜ. ಆದರೆ ಒಬ್ಬ ಚಂದಮಾಮ ಮುಗಿದ ಕೂಡಲೇ ಇನ್ನೊಬ್ಬ ತಾನಾಗಿ ಮೂಡುತ್ತಿರಲಿಲ್ಲ. ಯೂಟ್ಯೂಬಿನಲ್ಲಿ ಮೂಡುತ್ತಾನೆ. ಮಗು ರಚ್ಚೆ ಹಿಡಿಯುವುದು ವಿಡಿಯೊ ಮುಗಿದಾಗಲ್ಲ, ಮುಂದಿನದು ಶುರುವಾದ ಮೇಲೆ ಕಿತ್ತುಕೊಂಡಾಗ. ಆಟೋಪ್ಲೇ ಆಫ್ ಮಾಡಿಕೊಡು ಎಂದು ಮಗನಿಗೆ ಹೇಳಿ ಮಾಡಿಸಿದೆ. ಹಾಡು ನಿಂತರೆ ಈಗ ತಾನೇ ‘ಮುಗೀತು’ ಅನ್ನುತ್ತಾಳೆ. ನೋಡುವುದಿದ್ದರೂ ಹಾಲ್‌ನ ಟಿವಿಯಲ್ಲಿ. ಅಡುಗೆಮನೆಯಲ್ಲಿದ್ದರೂ ಏನು ಓಡುತ್ತಿದೆ ಎಂದು ನನ್ನ ಕಿವಿಗೆ ಬೀಳುತ್ತದೆ. ಮೂಲೆಯಲ್ಲಿ ಕುಳಿತು ಅಂಗೈ ಅಗಲದ ಪರದೆ ನೋಡುವ ಮಗು ಏನು ನೋಡುತ್ತಿದೆಯೋ ದೇವರೇ ಬಲ್ಲ.

ಉಳಿದ ಹೊತ್ತಿಗೆ ಅವಳನ್ನು ಕೆಲಸಕ್ಕೆ ಹಚ್ಚುತ್ತೇನೆ. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳು ಹಿದುಕಲು ಕೂರಿಸಿದರೆ ಸಾಕು. ಪುಟ್ಟ ಹೆಬ್ಬೆರಳಿನಲ್ಲಿ ಒತ್ತಿದಾಗ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಚಿಮ್ಮಿ ಫ್ರಿಜ್ಜಿನ ಅಡಿಗೆ ಹೋಗುತ್ತದೆ. ಅವಳು ನಗುತ್ತಾಳೆ, ನಾನು ಪೊರಕೆ ತರುತ್ತೇನೆ. ಕೆಲಸ ಎರಡರಷ್ಟಾಗುತ್ತದೆ, ಸಾರು ತಡವಾಗುತ್ತದೆ. ‘ಮಕ್ಕಳನ್ನು ಮನೆಗೆಲಸದಲ್ಲಿ ತೊಡಗಿಸಿ’ ಎಂದು ಸಲೀಸಾಗಿ ಬರೆಯುವವರು ಆ ಪೊರಕೆಯ ಸುದ್ದಿ ಎತ್ತುವುದಿಲ್ಲ.

ಹೊರಗೆ ಆಡಿಸೋಣವೆಂದರೆ ನಮ್ಮ ಕಾರಿಡಾರಿನಲ್ಲಿ ಚೆಂಡು ಆಡಬಾರದೆಂದು ಬೋರ್ಡು ಹಾಕಿದ್ದಾರೆ. ಕೆಳಗಿನ ಜಾಗದ ತುಂಬ ಕಾರು. ಸದ್ದು ಮಾಡದೆ ಕೂತಿರುವ ಮಗುವೇ ಎಲ್ಲರಿಗೂ ಬೇಕು. ಸದ್ದಿಲ್ಲದೆ ಕೂರಿಸುವ ವಿದ್ಯೆ ಮೊಬೈಲಿಗೆ ಗೊತ್ತಿರುವಷ್ಟು ಇನ್ಯಾರಿಗೆ ಗೊತ್ತು?

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ 7ಕ್ಕೆ ಸೈರನ್ ಕೂಗುತ್ತದೆ. ಒಂದೂವರೆ ಗಂಟೆ ಟಿವಿ, ಮೊಬೈಲ್ ಬಂದ್. ಅದರಲ್ಲಿ ನನಗೆ ಹಿಡಿಸಿದ್ದು, ಬಂದ್ ಆಗುವುದು ದೊಡ್ಡವರದ್ದೂ ಎಂಬುದು. (ನನ್ನ ಧಾರಾವಾಹಿಯೂ ಅದೇ ಹೊತ್ತಿಗೆ ಬರುತ್ತದೆ, ಇರಲಿ.) ಅಪ್ಪ ಆಫೀಸಿನಿಂದ ಬಂದು ಶೂ ಬಿಚ್ಚುತ್ತಲೇ ರೀಲ್ಸ್ ತೆರೆದರೆ ಮಗುವಿಗೆ ಯಾವ ಬಾಯಲ್ಲಿ ಬೇಡ ಅನ್ನುವುದು?

ಹಾಗಾಗಿ ನಮ್ಮ ಮನೆಯಲ್ಲಿ ಪಾಳಿ ಹಾಕಿದ್ದೇನೆ, ಶಾಲೆಯ ಟೈಮ್‌ಟೇಬಲಿನ ಹಾಗೆ ಗೆರೆ ಎಳೆದು ಫ್ರಿಜ್ಜಿಗೆ ಅಂಟಿಸಿದೆ. ಏಳೂವರೆಗೆ ಮಗ ಮಗುವನ್ನು ಕರೆದುಕೊಂಡು ಕೆಳಗೆ ಹೋಗುತ್ತಾನೆ, ಮೊಬೈಲ್ ಮೇಲೆಯೇ ಇರುತ್ತದೆ. ಸೊಸೆಗೆ ತಡರಾತ್ರಿಯ ಮೀಟಿಂಗ್ ಇರುವ ದಿನ ಕಥೆ ಹೇಳಿ ಮಲಗಿಸುವುದೂ ಅವನದೇ. ಅವನಿಗೆ ಬರುವುದು ಎರಡೇ ಕಥೆ, ಮಗುವಿಗೆ ಅದರ ತಕರಾರಿಲ್ಲ. ಶನಿವಾರ ಬೆಳಗ್ಗೆ ಸೊಸೆಯದು. ಭಾನುವಾರ ಮಧ್ಯಾಹ್ನದ ಮನೆ ಮಾತ್ರ ಇನ್ನೂ ಖಾಲಿಯಿದೆ. ಅಲ್ಲಿ ನನ್ನ ಹೆಸರು ಬರೆಯಲು ನಾನು ಒಪ್ಪಿಲ್ಲ.