ರಮಾಬಾಯಿ ಯಾರ ಅಪ್ಪಣೆ ಕೇಳಬೇಕಿತ್ತು?

ಕರ್ನಾಟಕದ 2022ರ ಮತಾಂತರ ತಡೆ ಕಾಯ್ದೆಯಲ್ಲಿ ಶಿಕ್ಷೆಯ ಕಲಮು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬಲವಂತ, ಮೋಸ, ಆಮಿಷದಿಂದ ಮತಾಂತರ ಮಾಡಿದವರಿಗೆ ಮೂರರಿಂದ ಐದು ವರ್ಷ ಜೈಲು, 25,000 ರೂಪಾಯಿ ದಂಡ. ಮತಾಂತರವಾದವರು ಅಪ್ರಾಪ್ತರೋ, ಚಿತ್ತಸ್ವಾಸ್ಥ್ಯ ಇಲ್ಲದವರೋ, ಮಹಿಳೆಯೋ, ಪರಿಶಿಷ್ಟ ಜಾತಿ ಅಥವಾ ಪಂಗಡದವರೋ ಆಗಿದ್ದರೆ ಶಿಕ್ಷೆ ಹತ್ತು ವರ್ಷದವರೆಗೆ, ದಂಡ 50,000 ರೂಪಾಯಿ. ಮಗು, ಬುದ್ಧಿ ಸ್ಥಿಮಿತದಲ್ಲಿಲ್ಲದವರು, ಹೆಂಗಸು, ದಲಿತರು ಎಲ್ಲರೂ ಒಂದೇ ಸಾಲಿನಲ್ಲಿ. ವೋಟು ಹಾಕಲು, ಜಮೀನು ಕೊಳ್ಳಲು, ಪಂಚಾಯಿತಿ ಅಧ್ಯಕ್ಷೆಯಾಗಲು ಸಾಕಾಗುವ ಬುದ್ಧಿ ದೇವರ ವಿಷಯಕ್ಕೆ ಬಂದಾಗ ಮಾತ್ರ ಆಕೆಗೆ ಸಾಲದು ಎಂದು ಈ ಸಾಲು ಹೇಳುತ್ತದೆ.

ಉಳಿದ ಕಲಮುಗಳೂ ಇದೇ ದಾರಿಯವು. ಮತ ಬದಲಿಸುವವರು ಮೂವತ್ತು ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಅವರು ಅದನ್ನು ನೋಟಿಸ್ ಬೋರ್ಡಿಗೆ ಹಾಕಿ ಆಕ್ಷೇಪಣೆ ಕರೆಯುತ್ತಾರೆ. ಮತಾಂತರ ಅಕ್ರಮವೆಂದು ದೂರು ಕೊಡುವ ಹಕ್ಕು ತಂದೆತಾಯಿ, ಒಡಹುಟ್ಟಿದವರು, ನೆಂಟರಿಗಷ್ಟೇ ಅಲ್ಲ, ಜೊತೆಯಲ್ಲಿ ಕೆಲಸ ಮಾಡುವವರಿಗೂ ಇದೆ. ಈ ಕಾಯ್ದೆಯನ್ನು ರದ್ದು ಮಾಡುವುದಾಗಿ ರಾಜ್ಯದ ಸಂಪುಟ 2023ರ ಜೂನ್‌ನಲ್ಲಿ ನಿರ್ಧರಿಸಿತ್ತು. ಇತ್ತ ನಾನಿರುವ ಮಹಾರಾಷ್ಟ್ರದಲ್ಲಿ 2025ರ ಫೆಬ್ರವರಿಯಲ್ಲಿ ಇಂಥದೇ ಕಾನೂನಿನ ಅಧ್ಯಯನಕ್ಕೆಂದು ಪೊಲೀಸ್ ಮಹಾನಿರ್ದೇಶಕರ ನೇತೃತ್ವದಲ್ಲಿ ಏಳು ಮಂದಿಯ ಸಮಿತಿ ರಚನೆಯಾಯಿತು.

ಇಂಥ ಕಾನೂನುಗಳ ಮಾತು ಬಂದಾಗ ನನಗೆ ನೆನಪಾಗುವುದು ಒಬ್ಬ ಹೆಣ್ಣುಮಗಳು. ಪುಣೆಯ ಕನ್ನಡಿಗರು ಕಲಬುರಗಿಯ ರೈಲು ಹತ್ತಿದರೆ ದೌಂಡಿಗೆ ಮುಂಚೆ ಕೇಡಗಾಂವ್ ಎಂಬ ಸಣ್ಣ ನಿಲ್ದಾಣ ದಾಟುತ್ತಾರೆ. ಅಲ್ಲಿರುವ ಮುಕ್ತಿ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ ನಮ್ಮ ನೆಲದವರು. 1858ರ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದರು. ಮನೆತನ ಕಾರ್ಕಳದ ಮಾಳದ ಕಡೆಯದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ವಿರೋಧ ಎದುರಿಸಿದವರು. ಆ ತಾಯಿ ಲಕ್ಷ್ಮೀಬಾಯಿಯೇ ಮಗಳಿಗೆ ಪುರಾಣ ಕಲಿಸಿದರು. 1870ರ ದಶಕದ ಕ್ಷಾಮದಲ್ಲಿ ಹೆತ್ತವರನ್ನು ಕಳೆದುಕೊಂಡು, ಅಣ್ಣನ ಜೊತೆ ಊರೂರು ನಡೆದು, 1878ರಲ್ಲಿ ಕಲ್ಕತ್ತದ ವಿದ್ವಾಂಸರಿಂದ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಪಡೆದ ಹೆಣ್ಣುಮಗಳು ಅವರು. 1882ರಲ್ಲಿ ಗಂಡ ತೀರಿಕೊಂಡ ಮೇಲೆ ಕೈಕೂಸಿನೊಂದಿಗೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು. ಹೆಂಗಸರಿಗೆ ಹೆಂಗಸರೇ ವೈದ್ಯರಾಗಬೇಕು, ಶಿಕ್ಷಕಿಯರಾಗಬೇಕು ಎಂದು ಅದೇ ವರ್ಷ ಶಿಕ್ಷಣ ಕುರಿತ ಹಂಟರ್ ಆಯೋಗದ ಮುಂದೆ ಹೇಳಿದರು. 1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು.

ಇವರ ಮೇಲೆ ಇಂದಿನ ಕಾನೂನು ಹಚ್ಚಿ ನೋಡಿ. ವಿಧವೆ, ಬಡವಿ, ಪರದೇಶದಲ್ಲಿ ಕ್ರೈಸ್ತ ಸನ್ಯಾಸಿನಿಯರ ಆಶ್ರಯದಲ್ಲಿದ್ದವರು. ಆಮಿಷದ ವ್ಯಾಖ್ಯೆಗೆ ಬೇಕಾದದ್ದೆಲ್ಲ ಅವರ ಬದುಕಿನಲ್ಲಿ ಸಿಗುತ್ತದೆ, ಏಕೆಂದರೆ ಧಾರ್ಮಿಕ ಸಂಸ್ಥೆಯ ಉಚಿತ ಶಿಕ್ಷಣವನ್ನೂ ಉತ್ತಮ ಬದುಕಿನ ಆಸೆಯನ್ನೂ ಕರ್ನಾಟಕದ ಕಾಯ್ದೆ ಆಮಿಷವೆಂದೇ ಕರೆಯುತ್ತದೆ. ಆದರೆ ಶಾಸ್ತ್ರಗಳನ್ನು ಮೂಲದಲ್ಲೇ ಓದಿ, ಬ್ರಹ್ಮಸಮಾಜದವರೊಂದಿಗೆ ಚರ್ಚಿಸಿ, ಚಿತ್ಪಾವನ ಮನೆತನದಿಂದ ಕ್ರೈಸ್ತರಾಗಿದ್ದ ನೆಹೆಮಿಯಾ ಗೋರೆಯವರ ಬರಹಗಳೊಂದಿಗೆ ಸೆಣಸಿ ಬಂದವರನ್ನು ಯಾರೋ ಪುಸಲಾಯಿಸಿದರು ಎನ್ನಲು ಹೇಗೆ ಸಾಧ್ಯ? ಅಂದಿನ ಪುಣೆ ಹಾಗೆಯೇ ಅಂದಿತು. ಜ್ಯೋತಿಬಾ ಫುಲೆಯವರು ಮಾತ್ರ 1885ರಲ್ಲಿ 'ಸತ್ಸಾರ' ಪತ್ರಿಕೆಯಲ್ಲಿ ರಮಾಬಾಯಿಯ ಪರ ಬರೆದರು. ಅವರು ಕ್ರೈಸ್ತರಲ್ಲ; ಒಬ್ಬ ಹೆಣ್ಣಿನ ವಿವೇಕವನ್ನು ನಂಬಿದವರು.

ನಿಜವಾದ ಬಿರುಗಾಳಿ ಎದ್ದದ್ದು ಆಮೇಲೆ. 1889ರಲ್ಲಿ ರಮಾಬಾಯಿ ಮುಂಬಯಿಯಲ್ಲಿ ಉನ್ನತ ಜಾತಿಯ ಬಾಲವಿಧವೆಯರಿಗಾಗಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂತು. ಮತಪ್ರಚಾರ ಇರುವುದಿಲ್ಲ ಎಂಬುದು ಒಪ್ಪಂದ. ರಮಾಬಾಯಿ ತಮ್ಮ ಕೋಣೆಯಲ್ಲಿ ಬೈಬಲ್ ಓದಿ ಪ್ರಾರ್ಥಿಸುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಟಿಳಕರ 'ಕೇಸರಿ' ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಂಡಾರಕರ್ ಅವರಂಥ ಹಿತೈಷಿಗಳು ಸಲಹಾ ಸಮಿತಿಯಿಂದ ಹೊರನಡೆದರು. ಪೋಷಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಹಾಗೆ ಹೋದವರಲ್ಲಿ ಎಷ್ಟು ಮಂದಿಗೆ ಮತ್ತೆ ಪುಸ್ತಕ ಹಿಡಿಯಲು ಸಿಕ್ಕಿತೋ ಎಂದು ನೆನೆದರೆ ಈಗಲೂ ಎದೆ ಭಾರವಾಗುತ್ತದೆ. ಅದೇ ಸದನದಲ್ಲಿ ಓದಿದ ಗೋದೂಬಾಯಿ ಹಿಂದೂವಾಗಿಯೇ ಉಳಿದು, 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದಿಬಾಯಿ ಕರ್ವೆ ಆದರು. ಕರ್ವೆಯವರ ವಿಧವಾಶ್ರಮದ ಹಿಂದೆ ಆಕೆಯ ದುಡಿಮೆಯೂ ಇದೆ. ತೆರೆದ ಬಾಗಿಲಿನ ಆಚೆ ಕೂತವರೂ ಇದ್ದರು, ಒಳಗೆ ಹೋದವರೂ ಇದ್ದರು. ಎರಡೂ ಅವರವರ ತೀರ್ಮಾನ.

ಆದರೂ ವಿರೋಧಿಗಳ ಪ್ರಶ್ನೆಯನ್ನು ತಳ್ಳಿಹಾಕಲು ಕ್ರೈಸ್ತನಾದ ನನ್ನಿಂದ ಆಗದು. 1896-97ರ ಬರಗಾಲದಲ್ಲಿ ರಮಾಬಾಯಿ ಮಧ್ಯಪ್ರಾಂತ್ಯಕ್ಕೆ ಹೋಗಿ ಹಸಿದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಮುಕ್ತಿ ಬೆಳೆದದ್ದು ಆಗ. ಅಲ್ಲಿ ಶಾರದಾ ಸದನದ ಒಪ್ಪಂದ ಇರಲಿಲ್ಲ. ಅದು ಬಹಿರಂಗವಾಗಿ ಕ್ರೈಸ್ತ ಸಂಸ್ಥೆ, ಬಂದವರಲ್ಲಿ ಬಹಳ ಮಂದಿ ಕ್ರೈಸ್ತರಾದರು. ಸಾವಿನ ದವಡೆಯಿಂದ ಎತ್ತಿ ಅನ್ನ ಕೊಟ್ಟ ಕೈಯೇ ಪ್ರಾರ್ಥನೆಗೂ ಕರೆದರೆ ಆ ಮಗುವಿಗೆ ಬೇಡ ಎನ್ನುವ ಬಲ ಎಷ್ಟಿರುತ್ತದೆ? ಇಂದು ಆಸ್ಪತ್ರೆ, ಅನಾಥಾಲಯ, ಹಾಸ್ಟೆಲ್ ನಡೆಸುವ ನಮ್ಮ ಪ್ರತಿ ಸಂಸ್ಥೆಯೂ ಈ ಪ್ರಶ್ನೆ ಎದುರಿಸಬೇಕು. ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದಾಗ ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಮಂದಿಯ ಆರೋಗ್ಯವನ್ನು ಅವನು ಹಿಂದಕ್ಕೆ ಕೇಳಲಿಲ್ಲ. ನಮ್ಮ ಸೇವೆಗೆ ಅಳತೆಗೋಲು ಇದೇ.

ಮತ ಬದಲಿಸಿದವರು ಅನ್ಯರಿಗೆ ತಲೆಬಾಗುತ್ತಾರೆ ಎಂಬ ಮಾತು ಅಂದೂ ಇತ್ತು, ಇಂದೂ ಇದೆ. ರಮಾಬಾಯಿ ತಲೆಬಾಗಲಿಲ್ಲ. ತಮಗೆ ದೀಕ್ಷಾಮಾತೆಯಂತಿದ್ದ ಸಿಸ್ಟರ್ ಜೆರಾಲ್ಡೀನ್ ಅವರಿಗೆ, ಬೈಬಲ್ಲಿನಲ್ಲಿ ಕಾಣದ್ದನ್ನು ಕ್ರೈಸ್ತ ಸಭೆ ಹೇಳಿತೆಂಬ ಕಾರಣಕ್ಕೆ ಒಪ್ಪಲಾರೆ ಎಂದು ಪತ್ರದ ಮೇಲೆ ಪತ್ರ ಬರೆದರು. ರಮಾಬಾಯಿ ಗಂಡಸರಿಗೆ ಪಾಠ ಹೇಳುವುದು ತರವಲ್ಲವೆಂದು ಬಿಷಪ್ಪರು ಆಕ್ಷೇಪಿಸಿದಾಗ ಅದಕ್ಕೂ ಉತ್ತರ ಕೊಟ್ಟರು. 1897ರಲ್ಲಿ ಪುಣೆಗೆ ಪ್ಲೇಗ್ ಬಂದಾಗ ಸರ್ಕಾರದ ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆಯಿಲ್ಲ ಎಂದು ಪತ್ರಿಕೆಗೆ ಬರೆದು ಬ್ರಿಟಿಷ್ ಆಡಳಿತವನ್ನು ಎದುರುಹಾಕಿಕೊಂಡವರೂ ಅವರೇ. ನಮ್ಮ ಚರ್ಚುಗಳು ರಮಾಬಾಯಿಯ ಪಟ ತೂಗುಹಾಕುವಾಗ ಈ ಪ್ರಶ್ನಿಸುವ ರಮಾಬಾಯಿಯನ್ನು ಬಿಟ್ಟುಬಿಡುತ್ತವೆ. ಹೆಣ್ಣಿನ ಮನಸ್ಸಾಕ್ಷಿಗೆ ಸರ್ಕಾರ ಬೀಗ ಹಾಕಬಾರದು ಎನ್ನುವ ನಾವು ನಮ್ಮ ಸಭೆಯ ಕಮಿಟಿಗಳಲ್ಲಿ ಆಕೆಯ ಮಾತಿಗೆ ಎಷ್ಟು ಬೆಲೆ ಕೊಡುತ್ತೇವೆ? ಬೇರೆ ಮತದ ಹುಡುಗನನ್ನು ಮದುವೆಯಾದ, ಅಥವಾ ನಂಬಿಕೆಯನ್ನೇ ಬಿಟ್ಟ ನಮ್ಮ ಮನೆಯ ಮಗಳನ್ನು ಹೇಗೆ ನಡೆಸಿಕೊಳ್ಳುತ್ತೇವೆ? ಬರುವವಳ ಸ್ವಾತಂತ್ರ್ಯಕ್ಕಾಗಿ ಹೋರಾಡಿ ಹೋಗುವವಳ ಸ್ವಾತಂತ್ರ್ಯಕ್ಕೆ ಅಡ್ಡ ನಿಂತರೆ ನಮ್ಮ ವಾದಕ್ಕೆ ಬೆಲೆಯಿಲ್ಲ.

ಬಲವಂತ, ಬೆದರಿಕೆ, ವಂಚನೆ ಯಾವ ಮತದವರು ಮಾಡಿದರೂ ಅಪರಾಧವೇ, ದಂಡಸಂಹಿತೆ ಅದಕ್ಕಿದೆ. ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ತಾನಾಗಿ ಬದಲಾಗುವವರ ಹಕ್ಕು ಬೇರೆ ವಿಷಯ. ತನ್ನ ರಾಜ್ಯದ ಇಂಥದೇ ಕಾಯ್ದೆಯಲ್ಲಿದ್ದ ಮುಂಗಡ ನೋಟಿಸಿನ ಕಲಮನ್ನು ಹಿಮಾಚಲ ಹೈಕೋರ್ಟ್ 2012ರಲ್ಲೇ ರದ್ದು ಮಾಡಿತ್ತು. 2025ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಮತಾಂತರ ಎಫ್‌ಐಆರ್‌ಗಳನ್ನು ವಜಾ ಮಾಡುತ್ತ ಸುಪ್ರೀಂ ಕೋರ್ಟ್ ಕೂಡ ಇಂಥ ಘೋಷಣೆಗಳ ವಿಧಾನ ಬಹಳ ಹೊರೆಯದು ಎಂದು ಕಳವಳ ತೋರಿತು.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ನೀವು ಯಾವ ಮತದವರಾದರೂ ಸರಿ, ಕರ್ನಾಟಕದ್ದಾಗಲಿ ಬೇರೆ ರಾಜ್ಯದ್ದಾಗಲಿ, ಇಂಥ ಕಾನೂನು ಕೈಗೆ ಬಂದರೆ ಶಿಕ್ಷೆಯ ಕಲಮನ್ನು ಮೊದಲು ಓದಿ. ಅಲ್ಲಿ ನಿಮ್ಮ ತಾಯಿ, ಅಕ್ಕ, ಮಗಳನ್ನು ಯಾರ ಸಾಲಿನಲ್ಲಿ ನಿಲ್ಲಿಸಿದ್ದಾರೆ ನೋಡಿ. ಆ ಸಾಲು ಒಪ್ಪಿಗೆಯಾಗದಿದ್ದರೆ ನಿಮ್ಮ ಶಾಸಕರಿಗೆ ಹೆಸರು ಹಾಕಿ ಒಂದು ಪತ್ರ ಬರೆಯಿರಿ.