ಮರೆತರೂ ಮಾಸದ ನೋವು

ಈ ಸಂಚಿಕೆ ಕೈಗೆ ಬಂದೊಡನೆ ವಾಚಕರಲ್ಲಿ ಬಹುಮಂದಿ ಮೊದಲು ತೆರೆಯುವುದು ಧಾರಾವಾಹಿಯ ಪುಟವನ್ನು. ಅಂಕಣಕಾರನ ಸರದಿ ಬರುವುದು ಅದಾದ ಮೇಲೆ. ಇದರಲ್ಲಿ ನನಗೆ ಅಸೂಯೆಯೇನೂ ಇಲ್ಲ. ಕಥಾನಾಯಿಕೆಯನ್ನು ರೈಲ್ವೆ ನಿಲ್ದಾಣದಲ್ಲಿ ಒಂಟಿಯಾಗಿ ನಿಲ್ಲಿಸಿ 'ಮುಂದುವರಿಯುವುದು' ಎಂದು ಬರೆದುಬಿಟ್ಟ ಕತೆಗಾರನ ಮೇಲೆ ವಾರವಿಡೀ ಮುನಿದುಕೊಂಡಿದ್ದು, ಮುಂದಿನ ಸಂಚಿಕೆ ಬಂದಾಗ ನೆಟ್ಟಗೆ ಅದೇ ನಿಲ್ದಾಣಕ್ಕೆ ಹೋಗಿ ನಿಲ್ಲುತ್ತೇವಲ್ಲ, ಆ ಶಕ್ತಿ ಸಾಮಾನ್ಯವಾದುದೆ?

ಆ ಶಕ್ತಿಯಿಲ್ಲದ ವಾಚಕನೊಬ್ಬನಿದ್ದ. ಒಂದೇ ಪತ್ರಿಕೆಯ ಒಂದೇ ಸಂಚಿಕೆಯನ್ನು ಅವನು ಮತ್ತೆ ಮತ್ತೆ ಓದುತ್ತಿದ್ದ. ಪ್ರತಿ ಸಲವೂ ಅದು ಅವನಿಗೆ ಹೊಸದೇ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 1926ರಲ್ಲಿ ಹುಟ್ಟಿದ ಹೆನ್ರಿ ಮೊಲೈಸನ್ ಎಂಬವನು ಈತ. ಬದುಕಿರುವಷ್ಟು ಕಾಲವೂ ವಿಜ್ಞಾನಿಗಳು ಅವನ ಹೆಸರನ್ನು ಗುಟ್ಟಾಗಿಟ್ಟು, 'ಹೆಚ್. ಎಂ.' ಎಂದಷ್ಟೇ ಬರೆಯುತ್ತಿದ್ದರು. ಬಾಲ್ಯದಿಂದ ಅವನನ್ನು ಕಾಡುತ್ತಿದ್ದ ಅಪಸ್ಮಾರವು ಔಷಧಗಳಿಗೆ ಜಗ್ಗದೆ ಹೋದುದರಿಂದ, 1953ರಲ್ಲಿ, ಅವನ 27ನೆಯ ವಯಸ್ಸಿನಲ್ಲಿ, ಶಸ್ತ್ರವೈದ್ಯ ವಿಲಿಯಂ ಸ್ಕೋವಿಲ್ ಅವರು ಮಿದುಳಿನ ಎರಡು ಪಾರ್ಶ್ವಗಳಿಂದಲೂ ಒಳಭಾಗವೊಂದನ್ನು ತೆಗೆದುಹಾಕಿದರು. ಕಡಲಕುದುರೆಯ ಆಕಾರದಿಂದಾಗಿ 'ಹಿಪೊಕ್ಯಾಂಪಸ್' ಎಂದು ಹೆಸರಾದ ಅಂಗದ ಬಹುಪಾಲು ಅದರೊಡನೆ ಹೋಯಿತು. ಮೂರ್ಛೆಗಳೇನೋ ಬಹುಮಟ್ಟಿಗೆ ತಗ್ಗಿದುವು. ಆದರೆ ಅಂದಿನಿಂದ ಹೊಸ ನೆನಪೊಂದೂ ಅವನಲ್ಲಿ ನೆಲೆಯೂರದಾಯಿತು.

ಬುದ್ಧಿ ಮಂಕಾಗಿರಲಿಲ್ಲ. ಮಾತು, ಮರ್ಯಾದೆ, ವಿನೋದ ಎಲ್ಲವೂ ಮೊದಲಿನಂತೆಯೇ ಇದ್ದುವು. ಬಾಲ್ಯದ ಸಂಗತಿಗಳೂ ನೆನಪಿದ್ದುವು. ಆದರೆ ಮಾಂಟ್ರಿಯಲ್‌ನಿಂದ ಅವನನ್ನು ಪರೀಕ್ಷಿಸಲು ಹಲವು ವರ್ಷ ಬಂದುಹೋದ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವರು ಪ್ರತಿ ಸಲವೂ ತಮ್ಮ ಪರಿಚಯವನ್ನು ಹೊಸದಾಗಿ ಹೇಳಿಕೊಳ್ಳಬೇಕಾಗಿತ್ತು.

ಆಕೆ ಒಮ್ಮೆ 584 ಎಂಬ ಸಂಖ್ಯೆಯನ್ನು ನೆನಪಿಡುವಂತೆ ಅವನಿಗೆ ಹೇಳಿದರು. ಆತ ಅದನ್ನು ಮನಸ್ಸಿನಲ್ಲೇ ತಿರುವಿಹಾಕುತ್ತ ಕುಳಿತ. ಮೂರು ಅಂಕಿಗಳನ್ನು ಕೂಡಿದರೆ 17. ಎಂಟನ್ನು ಕಳೆದರೆ 9. ಅದನ್ನು ಒಡೆದರೆ 5 ಮತ್ತು 4. ಹೀಗೆ ಕಾಲು ಗಂಟೆಯವರೆಗೂ ಸಂಖ್ಯೆಯನ್ನು ಹಿಡಿದಿಟ್ಟು ಸರಿಯಾಗಿಯೇ ಒಪ್ಪಿಸಿದ. ಆದರೆ ಗಮನ ಬೇರೆಡೆಗೆ ಹರಿದು ನಿಮಿಷ ಕಳೆಯುವುದರೊಳಗೆ ಸಂಖ್ಯೆ ಮಾತ್ರವಲ್ಲ, ಯಾವುದೋ ಸಂಖ್ಯೆಯನ್ನು ನೆನಪಿಡಬೇಕಾಗಿತ್ತೆಂಬುದೂ ಮರೆತುಹೋಗಿತ್ತು!

ನೆನಪೆಂಬುದು ಒಂದೇ ಪಾತ್ರೆಯಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅಲ್ಪಕಾಲದ ಸ್ಮೃತಿಯು ಬೊಗಸೆಯಲ್ಲಿ ಹಿಡಿದ ಕಾಳಿನಂತೆ. ಅದರಲ್ಲಿ ಹಿಡಿಸುವುದು ಏಳರ ಆಸುಪಾಸಿನ ಸಂಗತಿಗಳೆಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ನಾಲ್ಕೇ ಎಂಬುದು ಈಚಿನವರ ಎಣಿಕೆ. ದೀರ್ಘಕಾಲದ ಸ್ಮೃತಿಯಾದರೋ ಕಣಜ. ಹೆನ್ರಿಯ ಬೊಗಸೆ ಗಟ್ಟಿಯಾಗಿತ್ತು. ಕಣಜದ ಹಳೆಯ ದಾಸ್ತಾನೂ ಬಹುಮಟ್ಟಿಗೆ ಉಳಿದಿತ್ತು. ಬೊಗಸೆಯಿಂದ ಕಣಜಕ್ಕೆ ಕಾಳು ಸಾಗಿಸುವ ಆಳು ಮಾತ್ರ ಇಲ್ಲವಾಗಿದ್ದ.

ಇನ್ನೂ ಸೋಜಿಗದ ಸಂಗತಿಯೊಂದಿದೆ. ಕನ್ನಡಿಯಲ್ಲಿ ಮಾತ್ರ ಕೈಯನ್ನು ನೋಡುತ್ತ, ನಕ್ಷತ್ರದ ಆಕೃತಿಯನ್ನು ಗೆರೆ ತಪ್ಪದಂತೆ ಬಿಡಿಸುವ ಕೆಲಸವನ್ನು ಮಿಲ್ನರ್ ಅವನಿಗೆ ಕೊಟ್ಟರು. ಮನೆಯಲ್ಲಿ ಮಾಡಿ ನೋಡಿ, ಎಷ್ಟು ಕಷ್ಟವೆಂಬುದು ತಿಳಿಯುತ್ತದೆ. ಮೂರು ದಿನಗಳ ಅಭ್ಯಾಸದಲ್ಲಿ ಅವನ ತಪ್ಪುಗಳು ಕಡಿಮೆಯಾಗುತ್ತ ಬಂದುವು. ಆದರೆ ಅಂಥ ಕೆಲಸವನ್ನು ಹಿಂದೆಂದಾದರೂ ಮಾಡಿದ ನೆನಪೇ ಅವನಿಗಿರಲಿಲ್ಲ. ತಲೆ ಮರೆತುದನ್ನು ಕೈ ಕಲಿತಿತ್ತು. ಕೌಶಲದ ಸ್ಮೃತಿ ಬೇರೆ, ಸಂಗತಿಗಳ ಸ್ಮೃತಿ ಬೇರೆ ಎಂಬ ತಿಳಿವಳಿಕೆ ಮೂಡಿದುದು ಹೀಗೆ.

ಇದನ್ನೆಲ್ಲ ನಾನು ಓದಿದುದು ಕುತೂಹಲಕ್ಕಾಗಿ ಅಲ್ಲ. ನಮ್ಮ ಸೋದರತ್ತೆಯವರು ಕಡೆಯ ನಾಲ್ಕು ವರ್ಷ ನಮ್ಮ ಮನೆಯಲ್ಲಿಯೇ ಇದ್ದರು. ಮಲ್ಲಿಗೆಯ ಮೊಗ್ಗುಗಳನ್ನು ಮುಂದಿಟ್ಟರೆ ಆ ಬೆರಳುಗಳು ನೋಡುನೋಡುತ್ತಿರುವಂತೆ ಮೊಳ ಹೂ ಕಟ್ಟುತ್ತಿದ್ದುವು. ಆದರೆ "ಊಟವಾಯಿತೇನೋ ಮಗು?" ಎಂದು ಕೇಳಿದವರು ಐದು ನಿಮಿಷದಲ್ಲಿ ಮತ್ತೆ ಅದನ್ನೇ ಕೇಳುತ್ತಿದ್ದರು. ಮುಪ್ಪಿನ ಮರೆವೆಂದು ನಾವೇ ನಿರ್ಧರಿಸಿ, ವೈದ್ಯರ ಬಳಿಗೆ ಕರೆದೊಯ್ಯಲು ತಡಮಾಡಿದೆವು. ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆ ಮೊದಲಾದ, ಚಿಕಿತ್ಸೆಗೆ ಬಗ್ಗುವ ಕಾರಣಗಳಿಂದಲೂ ಮರೆವು ಬರುವುದುಂಟು. ಆದುದರಿಂದ ನಮ್ಮ ತಪ್ಪನ್ನು ನೀವು ಮಾಡಬೇಡಿ.

ಒಂದು ದಿನ ಕಚೇರಿಯಿಂದ ದಣಿದು ಬಂದವನು ಏಳನೆಯದೋ ಎಂಟನೆಯದೋ ಸಲ ಆ ಪ್ರಶ್ನೆ ಕೇಳಿ ಗದರಿಬಿಟ್ಟೆ: "ಎಷ್ಟು ಸಲ ಹೇಳಬೇಕತ್ತೆ? ಆಯಿತು!" ಮರುಗಳಿಗೆ ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ: ಹೇಗೂ ಮರೆತುಬಿಡುತ್ತಾರಲ್ಲ! ಸ್ವಲ್ಪ ಹೊತ್ತಾದ ಮೇಲೆ ಹಿತ್ತಿಲಿಗೆ ಹೋದರೆ, ಕಟ್ಟೆಯ ಮೇಲೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಏಕೆಂದು ಕೇಳಿದೆ. "ಗೊತ್ತಿಲ್ಲ ಕಣಪ್ಪಾ. ಯಾಕೋ ಮನಸ್ಸಿಗೆ ಸಂಕಟ" ಎಂದರು.

ಆ ಸಂಕಟದ ಅರ್ಥ ನನಗೆ ತಿಳಿದುದು ಬಹಳ ತಡವಾಗಿ. ಅಮೆರಿಕದ ಐಯೊವಾ ವಿಶ್ವವಿದ್ಯಾನಿಲಯದ ಸಂಶೋಧಕರು, ಹೆನ್ರಿಯಂತೆಯೇ ಹಿಪೊಕ್ಯಾಂಪಸ್‌ಗೆ ಹಾನಿಯಾಗಿದ್ದ ಐವರಿಗೆ ದುಃಖದ ಚಲನಚಿತ್ರ ದೃಶ್ಯಗಳನ್ನು ತೋರಿಸಿ, ಫಲಿತಾಂಶವನ್ನು 2010ರಲ್ಲಿ ಪ್ರಕಟಿಸಿದರು. ನೋಡಿದ ದೃಶ್ಯಗಳ ನೆನಪು ಬೇಗನೆ ಅಳಿಸಿಹೋಯಿತು. ದುಃಖ ಮಾತ್ರ ಹೋಗಲಿಲ್ಲ. ಆಲ್ಜೈಮರ್ ರೋಗಿಗಳಲ್ಲಿಯೂ ಹೀಗೆಯೇ ಎಂಬುದು 2014ರಲ್ಲಿ ಅಲ್ಲಿಯೇ ಕಂಡುಬಂದಿತು. ಕಾರಣ ಮರೆಯುತ್ತದೆ, ನೋವು ಉಳಿಯುತ್ತದೆ. ಏಕೆ ನೊಂದೆನೆಂಬುದು ತಿಳಿಯದವರಿಗೆ ಸಮಾಧಾನ ಮಾಡಿಕೊಳ್ಳುವ ದಾರಿಯೂ ಇಲ್ಲ.

ಆದರೆ ಅದೇ ಪರೀಕ್ಷೆಗಳಲ್ಲಿ ಸಂತೋಷವೂ ಹಾಗೆಯೇ ಉಳಿದುದು ಕಂಡಿತು. ಮರೆಯುವವರಿಗೆ ಆಡಿದ ಒಳ್ಳೆಯ ಮಾತು ವ್ಯರ್ಥವಲ್ಲ.

ಹೆನ್ರಿ 2008ರಲ್ಲಿ, 82ನೆಯ ವಯಸ್ಸಿನಲ್ಲಿ ತೀರಿಕೊಂಡ. ನೆನಪಿನ ವಿಚಾರದಲ್ಲಿ ಜಗತ್ತಿಗೆ ಇಷ್ಟೆಲ್ಲ ಕಲಿಸಿದ ಆತ, ತಾನು ಏನು ಕಲಿಸಿದೆನೆಂಬುದನ್ನು ನೆನಪಿಟ್ಟುಕೊಳ್ಳಲಾರದೆ ಹೋದ. ನಮ್ಮ ಅತ್ತೆಯೂ ಈಗಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹಿರಿಯರು ಕೇಳಿದುದನ್ನೇ ಕೇಳುತ್ತಿದ್ದರೆ, ಎಂಟನೆಯ ಸಲವೂ ಮೊದಲನೆಯ ಸಲವೆಂಬಂತೆ ಉತ್ತರ ಕೊಡಿ. ಅವರ ಮಟ್ಟಿಗೆ ಅದು ಮೊದಲನೆಯ ಸಲವೇ.