ಪಂಪು ಒಂದೇ, ಒಳಗಿನ ದಾರಿ ಬೇರೆ

‘ಪಕ್ಕದ ಮನೆಯ ಹುಡುಗನಿಗೆ ಇದೇ ಪಂಪಿನಿಂದ ಉಬ್ಬಸ ಹತೋಟಿಗೆ ಬಂತು. ನಮ್ಮವನಿಗೆ ಮಾತ್ರ ಏಕೆ ಹಿಡಿಸುತ್ತಿಲ್ಲ?’ ಆಸ್ತಮಾ ಇರುವ ಮಕ್ಕಳ ತಾಯಂದಿರು ವೈದ್ಯರಲ್ಲಿ ಪದೇಪದೇ ಕೇಳುವ ಪ್ರಶ್ನೆಯಿದು. ಎಷ್ಟೋ ಸಲ ದೋಷ ಔಷಧಿಯದಲ್ಲ. ಅದು ಸಾಗಬೇಕಾದ ದಾರಿಯದು.

ನಮ್ಮ ಶ್ವಾಸನಾಳ ತಲೆಕೆಳಗಾದ ಮರದಂತೆ. ಗಂಟಲಿನಿಂದ ಇಳಿಯುವ ಕಾಂಡ ಸುಮಾರು 23 ಸಲ ಕವಲೊಡೆಯುತ್ತದೆ. ತುದಿಯ ಕವಲುಗಳು ಒಂದು ಮಿಲಿಮೀಟರಿಗಿಂತಲೂ ಕಿರಿದು. ಪಂಪಿನಿಂದ ರಭಸವಾಗಿ ಚಿಮ್ಮುವ ಹನಿಗಳಲ್ಲಿ 5 ಮೈಕ್ರಾನ್‌ಗಿಂತ ದಪ್ಪನೆಯವು ಗಂಟಲಿನ ತಿರುವಿಗೇ ಬಡಿದು ಅಂಟಿಕೊಳ್ಳುತ್ತವೆ. ಸರಿಯಾಗಿ ಎಳೆದುಕೊಂಡಾಗಲೂ ಸಾಮಾನ್ಯ ಪಂಪಿನ ಔಷಧಿಯಲ್ಲಿ ಶೇಕಡಾ 10ರಿಂದ 20ರಷ್ಟು ಮಾತ್ರ ಶ್ವಾಸಕೋಶ ಸೇರುತ್ತದೆ.

ಆಸ್ತಮಾದಲ್ಲಿ ಈ ನಾಳಗಳ ಸ್ನಾಯು ಬಿಗಿಯುತ್ತದೆ, ಒಳಪದರ ಊದುತ್ತದೆ, ಅಂಟು ಕಫ ತುಂಬುತ್ತದೆ. ನಾಳದ ಅಗಲ ಅರ್ಧಕ್ಕಿಳಿದರೆ ಗಾಳಿಗೆ ಎದುರಾಗುವ ತಡೆ ಎರಡು ಪಟ್ಟಲ್ಲ, ಸುಮಾರು 16 ಪಟ್ಟು ಹೆಚ್ಚುತ್ತದೆ. ಆಗ ಔಷಧಿ ತೆರೆದಿರುವ ಕವಲುಗಳಿಗೇ ಹೋಗುತ್ತದೆ. ಒಣಗಿದ ಗದ್ದೆಯನ್ನು ಬಿಟ್ಟು, ಕಾಲುವೆ ತೆರೆದಿರುವ ಗದ್ದೆಗೇ ನೀರು ಹರಿದಂತೆ! ವರ್ಷಗಟ್ಟಲೆ ಅಲಕ್ಷಿಸಿದರೆ ನಾಳದ ಗೋಡೆಯೇ ದಪ್ಪಗಾಗುತ್ತದೆ. ಅದು ಸುಲಭವಾಗಿ ಹಿಂದಿನಂತಾಗದು.

ಕೆಲವರಿಗೆ ಹುಟ್ಟು, ಬೆಳವಣಿಗೆಯಿಂದಲೇ ಶ್ವಾಸಕೋಶದ ಗಾತ್ರಕ್ಕೆ ಹೋಲಿಸಿದರೆ ನಾಳಗಳು ಕಿರಿದು. ಸ್ಥೂಲಕಾಯದ ಮಕ್ಕಳಲ್ಲಿ ಈ ಅಸಮತೆ ಇದ್ದರೆ ಆಸ್ತಮಾ ಹೆಚ್ಚು ಕಾಡುತ್ತದೆಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿದೆ.

ನನ್ನ ತಕರಾರು ಇರುವುದು ವೈದ್ಯ ವೃತ್ತಿಯವರ ಬಗ್ಗೆಯೇ. ಪಂಪು ಬರೆದುಕೊಟ್ಟು, ಎಳೆಯುವ ಕ್ರಮ ಕಲಿಸದೆ ಕಳುಹಿಸುವುದು ಅರ್ಧ ಚಿಕಿತ್ಸೆ. ‘ಗುಣವಿಲ್ಲ’ ಎಂದು ಬಂದವರ ಕೈಗೆ ಪಂಪು ಕೊಟ್ಟು ನೋಡದೆ ಪ್ರಮಾಣ ಏರಿಸುವುದಂತೂ ಸರಿಯಲ್ಲ. ಗ್ಯಾಸ್ ಪಂಪನ್ನು ನಿಧಾನವಾಗಿ, ಆಳವಾಗಿ ಎಳೆದು ಹತ್ತು ಸೆಕೆಂಡು ಉಸಿರು ಹಿಡಿಯಬೇಕು. ಪುಡಿಯ ಕ್ಯಾಪ್ಸೂಲ್ ಹಾಕುವ ಸಾಧನವನ್ನು ಜೋರಾಗಿ ಎಳೆಯಬೇಕು; ಪುಟ್ಟ ಮಕ್ಕಳಿಗೆ ಅದು ಆಗದ ಮಾತು. ಅವರಿಗೆ ಮಾಸ್ಕ್ ಇರುವ ಸ್ಪೇಸರ್ ಬೇಕು. ಪಂಪು ಬರೆದ ಚೀಟಿಯಲ್ಲೇ ಸ್ಪೇಸರ್ ಕೂಡ ಇರಲಿ. ಅದಕ್ಕೆ ದುಡ್ಡಿಲ್ಲವೆನ್ನುವವರಿಗೂ ದಾರಿಯಿದೆ: 500 ಮಿಲಿಲೀಟರ್ ಪ್ಲಾಸ್ಟಿಕ್ ಬಾಟಲಿಯಿಂದ, ಸಂದು ಮುಚ್ಚಿ ಮಾಡಿದ ಸ್ಪೇಸರ್ ಕೂಡ ಮಕ್ಕಳಲ್ಲಿ ಕೊಂಡದ್ದರಷ್ಟೇ ಕೆಲಸ ಮಾಡುತ್ತದೆಂದು ದಕ್ಷಿಣ ಆಫ್ರಿಕದ ವೈದ್ಯರು 1999ರಲ್ಲೇ ತೋರಿಸಿದ್ದಾರೆ. ವೈದ್ಯರಿಗೆ ತೋರಿಸಿಯೇ ಬಳಸಬೇಕು, ಅಷ್ಟೆ.

ಮನೆಯವರೂ ಒಂದನ್ನು ತಿಳಿಯಬೇಕು. ನೀಲಿ ಪಂಪಿನ ಸಾಲ್ಬ್ಯುಟಮಾಲ್ ಸ್ನಾಯುವನ್ನು ಸಡಿಲಿಸುತ್ತದೆ, ಊತವನ್ನು ಇಳಿಸುವುದಿಲ್ಲ. ಊತ ಇಳಿಸುವುದು ಸ್ಟೀರಾಯ್ಡ್ ಪಂಪು, ಅದೂ ವಾರಗಟ್ಟಲೆ ತಪ್ಪದೆ ಎಳೆದುಕೊಂಡರೆ. ‘ಪಂಪಿನ ಚಟ ಹತ್ತುತ್ತದೆ’ ಎಂಬ ಅಂಜಿಕೆಯಿಂದ ಇದನ್ನು ಬಿಟ್ಟು ನೀಲಿ ಪಂಪನ್ನೇ ನೆಚ್ಚುವವರೇ ಹೆಚ್ಚು ಅಪಾಯದಲ್ಲಿರುವವರು. 12 ವರ್ಷ ದಾಟಿದವರಿಗೆ ಸಾಲ್ಬ್ಯುಟಮಾಲ್ ಒಂದನ್ನೇ ಕೊಡಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಲ್ಲೇ ಹೇಳಿದೆ.

ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಪಂಪು, ಸ್ಪೇಸರ್ ಎರಡನ್ನೂ ಒಯ್ದು ಅವರೆದುರೇ ಎಳೆದು ತೋರಿಸಿ. ನೀಲಿ ಪಂಪು ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಅದನ್ನೂ ಹೇಳಿ. ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.